ಸೊನ್ನೆ ಹೆಂಗೆ ಮೂರಾಗುತ್ತೆ?

ಆಂಡರ್ಸನ್‌ಪೇಟೆಯ ನಮ್ಮ ಸಂಜೆ ಪಾಠಕ್ಕೆ ಬರೋ ಹತ್ತನೇ ಕ್ಲಾಸಿನ ಹುಡುಗಿ ಕೇಳಿದ್ಲು: "ಅಣ್ಣಾ, ಬಹುಪದೋಕ್ತಿಯ ಶೂನ್ಯತೆ 3 ಅಂತ ಉತ್ತರ ಕೊಟ್ಟಿದ್ದಾರೆ. ಸೊನ್ನೆ ಹೆಂಗೆ ಮೂರಾಗುತ್ತೆ?" ಎಂಥಾ ಪ್ರಶ್ನೆ! ಶಾಲೆಯಲ್ಲಿ ಕೇಳಿದ್ದಕ್ಕೆ "ನಿಮಗ್ಯಾಕೆ ಅದೆಲ್ಲ, ಸೂತ್ರ ಬಾಯಿಪಾಠ ಮಾಡಿ" ಅಂದರಂತೆ. "ನಿಮಗೆ" ಅಂದ್ರೆ ಯಾರಿಗೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಗ್ರಾಫ್ ಹಾಳೆ ತೆಗೆಸಿದೆ. ಎಕ್ಸ್ ವರ್ಗ ಮೈನಸ್ 2 ಎಕ್ಸ್ ಮೈನಸ್ 3. ಎಕ್ಸ್ −1 ಆದ್ರೆ ಬೆಲೆ 0. ಎಕ್ಸ್ 0 ಆದ್ರೆ −3, 1 ಆದ್ರೆ −4, 2ಕ್ಕೆ ಮತ್ತೆ −3, 3ಕ್ಕೆ 0. ಚುಕ್ಕಿ ಸೇರಿಸಿದ್ರು. ಅಡ್ಡಗೆರೆಯೇ ನೆಲ ಅಂದ್ಕೊಳ್ಳಿ ಅಂದೆ. 2001ರಲ್ಲಿ ಮುಚ್ಚಿದ ಗಣಿಯಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳ ಇಳಿದವರ ಮೊಮ್ಮಕ್ಕಳಿಗೆ ಇನ್ನೇನು ವಿವರಿಸೋದು? ಗೆರೆ −1ರಲ್ಲಿ ನೆಲದೊಳಗೆ ಇಳಿಯುತ್ತೆ, 3ರಲ್ಲಿ ಮೇಲೆ ಬರುತ್ತೆ. ಆ ಎರಡು ಜಾಗವೇ ಶೂನ್ಯತೆಗಳು. ಅಲ್ಲಿ ಸೊನ್ನೆ ಆಗಿರೋದು ಆಳ. ಜಾಗದ ನಂಬರು 3.

ಎಕ್ಸ್ ವರ್ಗ ಪ್ಲಸ್ 1 ನೆಲ ಮುಟ್ಟಲೇ ಇಲ್ಲ. ಅದಕ್ಕೆ ನೈಜ ಶೂನ್ಯತೆ ಇಲ್ಲ. ಎಕ್ಸ್ ವರ್ಗ ಮೈನಸ್ 4 ಎಕ್ಸ್ ಪ್ಲಸ್ 4, 2ರಲ್ಲಿ ನೆಲ ಮುಟ್ಟಿ ವಾಪಸ್. ಅದನ್ನ ಆ ಹುಡುಗಿಯೇ ಬಿಡಿಸಿದ್ಲು.

ಗ್ರಾಫ್ ಹಾಳೆ ಖಾಲಿಯಾಗಿದೆ. ಕೊಡಿಸೋರು ಇನ್‌ಬಾಕ್ಸ್‌ಗೆ ಬನ್ನಿ.