ಅಮರ್ಜಾ ದಂಡೆಯಿಂದ ಭೀಮೆಯ ಸೇತುವೆಗೆ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಗಾಣಗಾಪುರದ ಭಕ್ತರನ್ನು ಬಿಟ್ಟರೆ ದೂರದ ಪ್ರವಾಸಿಗರು ಬರುವುದು ಕಡಿಮೆ. ಬ್ಯಾಂಕ್ ಗುಮಾಸ್ತನಾಗಿ ಈ ಮೂರೂ ಕಡೆ ಕೆಲಸ ಮಾಡಿದ ನಾನು 2024ರ ಡಿಸೆಂಬರಿನಲ್ಲಿ ಅಮೆರಿಕದ ಗಂಡ-ಹೆಂಡತಿಗೆ ಇವನ್ನು ತೋರಿಸಬೇಕಾಗಿ ಬಂತು. ಶಿಕಾಗೋದಲ್ಲಿ ನನ್ನ ಮಗಳ ಪಕ್ಕದ ಮನೆಯವರು. ಇಬ್ಬರಿಗೂ ಎಪ್ಪತ್ತು ದಾಟಿದೆ. “ನಿಜವಾದ ಇಂಡಿಯಾ ನೋಡಬೇಕು” ಎಂಬುದು ಅವರ ಬೇಡಿಕೆ.

ನನ್ನ ಹನ್ನೆರಡು ವರ್ಷದ ಮೊಮ್ಮಗಳಿಗೆ ಚಿಂತೆ ಹತ್ತಿತು. “ಮುತ್ಯಾ, ಅವರು ತಾಜ್ ಮಹಲ್ ನೋಡಿಕೊಂಡು ಬರ್ತಾರ. ಆಮ್ಯಾಲೆ ನಿಮ್ಮೂರಾಗ ತೋರಸ್ಲಿಕ್ಕೆ ಏನದ?” ಎಂದು ಫೋನಿನಲ್ಲಿ ಕೇಳಿದಳು. ಅವಳ ದನಿಯಲ್ಲಿ ಸ್ವಲ್ಪ ನಾಚಿಕೆಯೂ ಇತ್ತು. ಅದು ನನಗೆ ನಾಟಿತು.

ಕೆಲವು ವರ್ಷಗಳ ಹಿಂದೆ ನಾವು ಶಿಕಾಗೋಕ್ಕೆ ಹೋದಾಗ “ಹಳೆಯ, ಅಸಲಿ ಅಮೆರಿಕ ತೋರಿಸಿ” ಎಂದು ಕೇಳಿದವನು ನಾನೇ. ಈ ಯಜಮಾನರು ನಮ್ಮನ್ನು ಗಗನಚುಂಬಿ ಕಟ್ಟಡಗಳಿಗೆ ಕರೆದೊಯ್ಯಲಿಲ್ಲ. ರಿಗ್ಲಿ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನಕ್ಕೆ ಕರೆದೊಯ್ದರು. ಅದು 1914ರದು. ಏಳನೆಯ ಸುತ್ತಿನ ನಡುವೆ ನೋಡಲು ಬಂದವರೆಲ್ಲ ಎದ್ದು ನಿಂತು ಹಾಡುತ್ತಾರೆ. ಆಟ ನನಗೆ ಅರ್ಥವಾಗಲಿಲ್ಲ, ಆದರೂ ಹಾಡುವಾಗ ಎದ್ದು ನಿಂತೆ. ಮರುದಿನ ‘ರೂಟ್ 66’ ಹೆದ್ದಾರಿ ಶುರುವಾಗುವ ಫಲಕ ತೋರಿಸಿದರು. 1926ರಲ್ಲಿ ಗುರುತಿಸಿದ ಆ ರಸ್ತೆ ಶಿಕಾಗೋದಿಂದ ಪಶ್ಚಿಮದ ಕಡಲತೀರದವರೆಗೆ ಸುಮಾರು 3,900 ಕಿ.ಮೀ. ಹೋಗುತ್ತಿತ್ತು. ಫಲಕದ ಹತ್ತಿರವೇ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತನಾಡಿದ್ದು ಆ ಕಟ್ಟಡದಲ್ಲೇ. ಅಲ್ಲಿ ಕೈ ಮುಗಿದು ನಿಂತ ನನ್ನ ಹೆಂಡತಿಯನ್ನು ಯಜಮಾನರು ಬೆರಗಿನಿಂದ ನೋಡುತ್ತಿದ್ದರು.

ಅವರು ತೋರಿಸಿದ್ದು ತಾವು ಹೋಗಿ ಬರುವ ಜಾಗಗಳನ್ನು, ತಾವು ಉಣ್ಣುವ ಊಟವನ್ನು. ನಾನೂ ಹಾಗೇ ಮಾಡೋಣ ಎಂದುಕೊಂಡೆ. ಒಂದು ಹಾಳೆಗೆ ಗೆರೆ ಹೊಡೆದು ಎಡಕ್ಕೆ ಊರು, ಬಲಕ್ಕೆ ಮೆಟ್ಟಿಲೆಷ್ಟು, ನೆರಳಿದೆಯೇ, ಶೌಚಾಲಯ ಎಲ್ಲಿ ಎಂದು ಬರೆದೆ. ವಯಸ್ಸಾದವರನ್ನು ಕರೆದೊಯ್ಯುವವರು ಬಲಗಡೆಯ ಸಾಲನ್ನೇ ಮೊದಲು ತುಂಬಬೇಕು. ನನ್ನ ಮಂಡಿಗಳೂ ಅದನ್ನೇ ಹೇಳುತ್ತವೆ.

ಮೊದಲ ದಿನ ಕಲಬುರಗಿ. ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಗೆ ಬೇರೆಡೆಯಂತೆ ತೆರೆದ ಅಂಗಳವಿಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಛಾವಣಿ. ಕಮಾನುಗಳ ತಂಪಿನಲ್ಲಿ ಒಂದು ತಾಸು ಕುಳಿತೆವು.

ಎರಡನೆಯ ದಿನಕ್ಕೆ ನೀರಿನ ದಾರಿ ಹಿಡಿದೆವು. ಅಮರ್ಜಾ ನಮ್ಮ ಆಳಂದ ತಾಲ್ಲೂಕಿನ ಹೊಳೆ. ಕೋರಳ್ಳಿ ಬಳಿ ಅದಕ್ಕೆ ಅಣೆಕಟ್ಟು ಇದೆ. ಆಳಂದದ ಲಾಡ್ಲೆ ಮಶಾಕ್ ದರ್ಗಾದಲ್ಲಿ ಹಿಂದೂ ಮುಸ್ಲಿಂ ಇಬ್ಬರೂ ತಲೆಬಾಗುತ್ತಾರೆ. ಅಲ್ಲಿ ಹೂವು ಕೊಟ್ಟು ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೊರಟೆವು. ಅಮರ್ಜಾ ಭೀಮೆಯನ್ನು ಕೂಡುವುದು ಅಲ್ಲೇ. ಮಧ್ಯಾಹ್ನದೊಳಗೆ ಮುಟ್ಟಬೇಕೆಂದು ಡ್ರೈವರನಿಗೆ ಎರಡು ಸಲ ಹೇಳಿದ್ದೆ.

ಏಕೆಂದರೆ ಮಧ್ಯಾಹ್ನ ಅಲ್ಲಿ ಭಿಕ್ಷೆಯ ಹೊತ್ತು. ಕಾರಿನಲ್ಲಿ ಬಂದ ಸಾಹುಕಾರರೂ ಜೋಳಿಗೆ ಹಿಡಿದು ಮನೆ ಮನೆಗೆ ಹೋಗುತ್ತಾರೆ. ನಮ್ಮ ಯಜಮಾನರು ಗೊಂದಲಕ್ಕೆ ಬಿದ್ದರು. ಉಳ್ಳವರು ಬೇಡುವುದೇಕೆ? ನಾನು ಉತ್ತರಿಸುವ ಮೊದಲೇ ಮೊಮ್ಮಗಳು ಇಂಗ್ಲಿಷಿನಲ್ಲಿ ಶುರು ಮಾಡಿದಳು. ನರಸಿಂಹ ಸರಸ್ವತಿಗಳು ಈಗಲೂ ಯಾವುದೋ ವೇಷದಲ್ಲಿ ಮಧ್ಯಾಹ್ನ ಭಿಕ್ಷೆಗೆ ಬರುತ್ತಾರೆಂಬುದು ಇಲ್ಲಿನ ನಂಬಿಕೆ, ಆದ್ದರಿಂದ ನೀಡುವುದೂ ಸೇವೆ, ಬೇಡುವುದೂ ಸೇವೆ. ಹಿಂದಿನ ರಾತ್ರಿ ಅವಳ ಆಯಿ ಹೇಳಿದ್ದು ಇದನ್ನೇ. ಯಜಮಾನರು ಕೈಯೊಡ್ಡಿದರು. ಒಬ್ಬ ತಾಯಿ ಅರ್ಧ ರೊಟ್ಟಿ ಇಟ್ಟಳು. ತುಸು ಹೊತ್ತು ಅದನ್ನು ಹಿಡಿದುಕೊಂಡೇ ನಿಂತು ಆಮೇಲೆ ತಿಂದರು.

ಮೂರನೆಯ ದಿನ, ಡಿಸೆಂಬರ್ 30, ಎಳ್ಳಮಾವಾಸ್ಯೆ. ಯೋಜನೆಯ ಉಳಿದೆಲ್ಲ ದಿನಗಳನ್ನು ಇದಕ್ಕೆ ಹೊಂದಿಸಿದ್ದೆ. ಜೇವರ್ಗಿ ಕಡೆ ನನ್ನ ಹೆಂಡತಿಯ ತಮ್ಮನ ಹೊಲ. ಸಜ್ಜಿ ಕಡಬು, ಶೇಂಗಾ ಹೋಳಿಗೆ, ಅಂಬಲಿ, ಮತ್ತೆ ಭಜ್ಜಿ. ಮಕ್ಕಳೇ, ಇದು ಬೆಂಗಳೂರಿನ ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ! ಹಸಿ ಕಾಳು, ಸೊಪ್ಪು, ಕಾಯಿಪಲ್ಯ ಎಲ್ಲ ಕೂಡಿಸಿ ಬೇಯಿಸಿದ ಪಲ್ಯ. ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿದೆವು. ಮೊದಲ ತುತ್ತು ಭೂಮಿತಾಯಿಗೆ.

ಅಮೆರಿಕದಲ್ಲೂ ನವೆಂಬರಿನ ನಾಲ್ಕನೆಯ ಗುರುವಾರ ಸುಗ್ಗಿಯ ಕೃತಜ್ಞತೆಯ ಹಬ್ಬವಿದೆ, ಮನೆಮಂದಿಯೆಲ್ಲ ಕೂಡಿ ಉಣ್ಣುತ್ತಾರೆ. “ಆದರೆ ನಾವು ಮೇಜಿನ ಮೇಲೆ ಉಣ್ಣುತ್ತೇವೆ, ಹೊಲಕ್ಕೆ ಏನೂ ಕೊಡುವುದಿಲ್ಲ” ಎಂದರು ಆ ತಾಯಿ. ಅವರಿಗೆಂದು ತಂದ ಪ್ಲಾಸ್ಟಿಕ್ ಕುರ್ಚಿ ಖಾಲಿಯೇ ಉಳಿಯಿತು. ಗೋಣಿಚೀಲದ ಮೇಲೆ ಕಾಲು ಚಾಚಿ ಕುಳಿತು ಕಡಬು ಮೂರು ಸಲ ಹಾಕಿಸಿಕೊಂಡರು. ಖಾರಕ್ಕೆ ಮೊಸರು ಜೊತೆಗಿತ್ತು. ಮೊಮ್ಮಗಳು ತೊಗರಿ ಕಾಯಿ ಬಿಡಿಸಿ ತೋರಿಸುತ್ತ, “ಈ ಬೇಳೆಗೆ 2019ರಲ್ಲಿ ಜಿಐ ಗುರುತು ಸಿಕ್ಕದ” ಎಂದಳು. ಅದನ್ನು ಹೇಳಿಕೊಟ್ಟವನು ನಾನಲ್ಲ.

ಸಂಜೆ ಕಲಬುರಗಿಗೆ ಮರಳುವಾಗ ಕಟ್ಟಿಸಂಗಾವಿಯ ಸೇತುವೆಯ ಬಳಿ ಕಾರು ನಿಲ್ಲಿಸಿದೆವು. ನಿನ್ನೆ ಗಾಣಗಾಪುರದಲ್ಲಿ ಕಂಡ ನೀರು ಇದೇನಾ ಎಂದು ಯಜಮಾನರು ಕೇಳಿದರು. ಹೌದು, ಇದೇ ಭೀಮೆ, ಮುಂದೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ ಎಂದೆ. ರಾತ್ರಿ ರೈಲಿಗೆ ನನ್ನ ಹೆಂಡತಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಬೆಂಗಳೂರು ಮುಟ್ಟುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತಂತೆ.