ಗ್ರಾಮಫೋನಿನ ಒಳದನಿ

ವೈಣಿಕನು ಕಚೇರಿಗೆ ಕುಳಿತೊಡನೆಯೇ ಹಾಡನ್ನು ತೊಡಗುವುದಿಲ್ಲ. ಬಿರಡೆಗಳನ್ನು ತಿರುವಿ ತಂತಿಗಳನ್ನು ಶ್ರುತಿಗೆ ತರುವನು. ಮೃದಂಗದವನು ಕಲ್ಲಿನಿಂದ ಅಂಚನ್ನು ತಟ್ಟಿ ತಟ್ಟಿ ನೋಡುವನು. ವಾದ್ಯವು ಸಿದ್ಧವಾದ ಮೇಲೆ ಗಾನವೆಂಬುದು ಎಲ್ಲರೂ ಬಲ್ಲ ಕ್ರಮ. ಕೀಲಿಕೊಡುವ ಗ್ರಾಮಫೋನೊಂದರ ವಿಷಯದಲ್ಲಿ ಮಾತ್ರ ಜನರು ಈ ಕ್ರಮವನ್ನು ಮರೆತುಬಿಡುವರು. ಎಷ್ಟೋ ವರ್ಷ ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನು ಇಳಿಸಿ, ಧೂಳೊರಸಿ, ಹಿಡಿಯನ್ನು ತಿರುಗಿಸಿ ಪ್ಲೇಟು ಹಾಕುವರು. ಒಳಗಿನಿಂದ ಗೊರಗೊರನೆ ಸದ್ದು ಹೊರಟಿತೆಂದರೆ, “ಹಳೆಯದಲ್ಲವೆ, ಅದರ ಗುಣವೇ ಹಾಗೆ” ಎಂದು ತೀರ್ಮಾನಿಸುವರು. ಈ ತೀರ್ಮಾನವು ನ್ಯಾಯವಾದುದಲ್ಲ. ಸದ್ದು ವಯಸ್ಸಿನ ಗುಣವಲ್ಲ, ರೋಗದ ಲಕ್ಷಣ. ರೋಗವಿದ್ದಲ್ಲಿ ಚಿಕಿತ್ಸೆಯೂ ಉಂಟು.

೧೮೭೭ರಲ್ಲಿ ಎಡಿಸನ್ ಮಹಾಶಯನು ನಿರ್ಮಿಸಿದ ಮೊದಲ ಫೋನೋಗ್ರಾಫನ್ನು ಕೈಯಿಂದಲೇ ತಿರುಗಿಸಬೇಕಾಗಿತ್ತು. ಬರ್ಲಿನರನ ಮೊದಮೊದಲ ಗ್ರಾಮಫೋನುಗಳೂ ಹಾಗೆಯೇ. ಕೈಯ ವೇಗವು ಹೆಚ್ಚು ಕಡಿಮೆಯಾದಂತೆ ಸ್ವರವೂ ಏರಿಳಿಯುವುದು. ಷಡ್ಜವೇ ನೆಲೆನಿಲ್ಲದಿದ್ದ ಮೇಲೆ ರಾಗವೆಲ್ಲಿಯದು? ೧೮೯೬ರಲ್ಲಿ ಅಮೆರಿಕದ ಕ್ಯಾಮ್‌ಡೆನ್ ಪಟ್ಟಣದ ಎಲ್ಡ್ರಿಜ್ ಜಾನ್ಸನ್ ಎಂಬ ಯಂತ್ರಶಿಲ್ಪಿಯು ಬರ್ಲಿನರನ ಗ್ರಾಮಫೋನಿಗೆ ಒಪ್ಪುವ ಸ್ಪ್ರಿಂಗಿನ ಮೋಟಾರನ್ನು ಸಿದ್ಧಪಡಿಸಿ ಈ ಕೊರತೆಯನ್ನು ನೀಗಿದನು. ಅಂಥ ಮೋಟಾರಿನಲ್ಲಿ ಡಬ್ಬಿಯೊಳಗೆ ಸುತ್ತಿಟ್ಟ ಉಕ್ಕಿನ ಪಟ್ಟಿಯು ಮೆಲ್ಲಮೆಲ್ಲನೆ ಬಿಚ್ಚಿಕೊಳ್ಳುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುವುದು. ಅವು ಪ್ಲೇಟಿನ ತಿರುಗಣೆಯನ್ನೂ, ಅದಕ್ಕಿಂತ ಹಲವು ಪಟ್ಟು ವೇಗದಿಂದ ಗವರ್ನರನ್ನೂ ತಿರುಗಿಸುವುವು. ಗವರ್ನರಿನ ಅಚ್ಚಿನ ಸುತ್ತ ತೆಳುವಾದ ಉಕ್ಕಿನ ಪಟ್ಟಿಗಳಿಗೆ ಸಾಮಾನ್ಯವಾಗಿ ಮೂರು ಗುಂಡುಗಳನ್ನು ಬಿಗಿದಿರುವರು. ವೇಗವು ಮಿತಿಮೀರಿದೊಡನೆ ಗುಂಡುಗಳು ಹೊರಕ್ಕೆ ಹಾಯ್ದು ಒಂದು ಬಿಲ್ಲೆಯನ್ನು ಸೆಳೆಯುವುವು. ಬಿಲ್ಲೆಯು ತೊಗಲಿನ ತುಂಡಿಗೆ ಉಜ್ಜಿ ವೇಗವನ್ನು ತಗ್ಗಿಸುವುದು. ಬಹುಪಾಲು ಪ್ಲೇಟುಗಳಿಗೆ ನಿಮಿಷಕ್ಕೆ ೭೮ ಸುತ್ತೆಂಬ ನಿಯಮವು ಹೀಗೆ ಪಾಲಿತವಾಗುವುದು. ಡಬ್ಬಿಯದು ಆಮೆಯ ನಡಿಗೆ, ಗವರ್ನರಿನದು ದುಂಬಿಯ ಹಾರಾಟ. ಇವೆರಡನ್ನೂ ಜೊತೆಗೂಡಿಸಿ ನಡೆಸುವುದೇ ಚಕ್ರಗಳ ಕೆಲಸ.

ಚಕ್ರಗಳು ತುಸು ಸದ್ದುಮಾಡಿದರೇನೆಂದು ಕೆಲವರು ಕೇಳಬಹುದು. ಈ ಯಂತ್ರದಲ್ಲಿ ಧ್ವನಿಯನ್ನು ಹೆಚ್ಚಿಸಲು ವಿದ್ಯುತ್ತಿನ ನೆರವಿಲ್ಲ. ಮುಳ್ಳಿನ ಅಲುಗಾಟವು ಸೌಂಡ್‌ಬಾಕ್ಸಿನ ತೆಳುವಾದ ಬಿಲ್ಲೆಯನ್ನು ನಡುಗಿಸಿ, ಆ ನಡುಕವೇ ಕೊಳವೆಯ ದಾರಿಯಿಂದ ಹಾಡಾಗಿ ಹೊರಡುವುದು. ಮೋಟಾರು ಕುಳಿತಿರುವ ಮರದ ಹಲಗೆಯಾದರೋ ವೀಣೆಯ ಕೊಡದಂತೆ ಚಕ್ರಗಳ ಸದ್ದನ್ನೂ ಹಿಗ್ಗಿಸುವುದು. ಹಿಗ್ಗಿಸಬಾರದುದು ಹಿಗ್ಗಿ, ಕೇಳಬೇಕಾದುದು ಕುಗ್ಗುವುದು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಹಾಡಿದುದು ಕೊಳವೆಯೊಂದರ ಮುಂದೆ; ಅವರ ಉಸಿರಿನ ಬಲವೇ ಮೇಣದ ಮೇಲೆ ಗೆರೆಯಾಗಿ ಮೂಡಿತು. ಆ ಮಹಾಗಾಯಕಿಯು ಕಡೆಯ ದಿನಗಳನ್ನು ಮೈಸೂರು ಆಸ್ಥಾನದ ಆಶ್ರಯದಲ್ಲಿ ಕಳೆದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅಂಥವರ ಧ್ವನಿಯು ಉಳಿದಿರುವುದು ಮೂರು ಮೂರು ನಿಮಿಷಗಳ ಪ್ಲೇಟುಗಳಲ್ಲಿ. ಮೂರು ನಿಮಿಷಕ್ಕೆ ೨೩೪ ಸುತ್ತು. ಅಷ್ಟರಲ್ಲಿ ಒಂದು ಮುರುಕಿಯು ಚಕ್ರದ ಗೊರಗಿಗೆ ಬಲಿಯಾದರೂ ನಷ್ಟವು ಸಣ್ಣದಲ್ಲ.

ಬಲ್ಲ ಕಸುಬುದಾರನು ತಿರುಪುಳಿಯನ್ನು ಕೈಗೆತ್ತಿಕೊಳ್ಳುವ ಮೊದಲು ಕಿವಿಗೊಡುವನು. ವೈದ್ಯನಿಗೆ ನಾಡಿ ಹೇಗೋ ಅವನಿಗೆ ಸದ್ದಿನ ಲಯವು ಹಾಗೆ. ಬಹಳ ಹೊತ್ತಿಗೊಮ್ಮೆ ಧಡ್ಡೆಂದು ಗುದ್ದಿದಂತಾದರೆ ಡಬ್ಬಿಯೊಳಗಿನ ಗ್ರೀಸು ಒಣಗಿ, ಪಟ್ಟಿಯ ಸುತ್ತುಗಳು ಅಂಟಿಕೊಂಡು ಒಮ್ಮೆಗೇ ಬಿಡಿಸಿಕೊಳ್ಳುತ್ತಿರುವುವು. ತಿರುಗಣೆಯ ಸುತ್ತಿಗೊಂದರಂತೆ ಟಕ್ಕೆಂದರೆ ದೋಷವು ತಿರುಗಣೆಯ ಅಚ್ಚಿನಲ್ಲಿಯೋ ಅದರ ಚಕ್ರದಲ್ಲಿಯೋ ಇರುವುದು. ಎಡೆಬಿಡದೆ ಝರ್ರೆಂದರೆ ಗವರ್ನರನ್ನು ನೋಡಬೇಕು. ಕೀರೆಂದರೆ ತೊಗಲು ಎಣ್ಣೆಯಿಲ್ಲದೆ ಒಣಗಿದೆಯೆಂದು ತಿಳಿಯಬೇಕು.

ಇಷ್ಟನ್ನು ವಿಚಾರಿಸದೆ ಮದ್ದಿಡುವುದೇ ಲೋಕದ ರೂಢಿ. ಮಲೆನಾಡಿನ ಗೃಹಸ್ಥರೊಬ್ಬರು ತಮ್ಮ ತಂದೆಯು ಕೊಂಡಿದ್ದ ಗ್ರಾಮಫೋನಿನ ಸದ್ದಡಗಿಸಲು ಚಕ್ರಗಳ ಮೇಲೆ ಧಾರಾಳವಾಗಿ ತೆಂಗಿನ ಎಣ್ಣೆಯನ್ನು ಸುರಿದರು. ಸದ್ದಡಗಿತು, ಮನೆಯವರು ಹಿಗ್ಗಿದರು. ಮಾಗಿಯ ಚಳಿ ಬಿದ್ದೊಡನೆ ಎಣ್ಣೆಯು ಹೆಪ್ಪುಗಟ್ಟಿ ಯಂತ್ರವೇ ನಿಂತುಹೋಯಿತು. “ಅಮ್ಮಾ, ಇನ್ನು ಇದನ್ನು ತೂಕಕ್ಕೆ ಹಾಕುವುದೇ ಸರಿ” ಎಂದರು ಗೃಹಸ್ಥರು. “ಹಾಕಪ್ಪಾ, ಬೇಡವೆನ್ನುವುದಿಲ್ಲ. ಅದಕ್ಕೆ ಮುಂಚೆ ಪೇಟೆಯ ಗಡಿಯಾರದವರಿಗೆ ಒಮ್ಮೆ ತೋರಿಸು” ಎಂದು ಆ ವೃದ್ಧೆ ಹೇಳಿದರು. ಅಷ್ಟು ಮಾತಿನಿಂದ ಯಂತ್ರವು ಉಳಿಯಿತು.

ಗಡಿಯಾರದವರು ಮಾಡಿದುದರಲ್ಲಿ ಮಾಯೆಯೇನೂ ಇರಲಿಲ್ಲ. ಮೊದಲು ಸ್ಪ್ರಿಂಗಿನ ಬಲವೆಲ್ಲ ಇಳಿಯುವವರೆಗೆ ಯಂತ್ರವನ್ನು ಓಡಲು ಬಿಟ್ಟರು. ಬಿಗಿದಿರುವ ಪಟ್ಟಿಯು ಸಿಡಿದರೆ ಕೈಬೆರಳಿಗೆ ಕೇಡು. ಬಳಿಕ ಚಕ್ರಗಳನ್ನು ಬಿಡಿಸಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಲ್ಲುಹಲ್ಲನ್ನೂ ಕುಂಚದಿಂದ ತಿಕ್ಕಿ ಒಣಗಿಸಿದರು. ನಿಧಾನವಾಗಿ ತಿರುಗುವ ದಪ್ಪ ಚಕ್ರಗಳಿಗೆ ತೆಳುವಾಗಿ ಗ್ರೀಸು, ವೇಗದ ಗವರ್ನರಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದೆರಡು ಹನಿ, ತೊಗಲಿಗೆ ಒಂದು ಹನಿ. ಇದಕ್ಕೆ ಮಿಗಿಲಾಗಿ ಏನನ್ನೂ ಹಾಕಲಿಲ್ಲ. ಗವರ್ನರಿನ ಮೂರು ಪಟ್ಟಿಗಳಲ್ಲೊಂದು ಸೊಟ್ಟಗಾಗಿ ಗುಂಡುಗಳ ಸಮತೂಕವು ತಪ್ಪಿತ್ತು. ಅದೊಂದನ್ನೇ ಬದಲಿಸದೆ, ಒಂದೇ ದಪ್ಪದ ಮೂರು ಪಟ್ಟಿಗಳನ್ನು ತೊಡಿಸಿದರು. ಮಗನು, “ಹಲ್ಲು ಸವೆದ ಚಕ್ರವನ್ನೂ ಹೊಸತು ಮಾಡಬಾರದೆ?” ಎಂದು ಕೇಳಲು, “ಬೇಡಿ ಸ್ವಾಮಿ. ಇವೆರಡೂ ಒಂದಕ್ಕೊಂದು ಸವೆದು ಹೊಂದಿಕೊಂಡಿವೆ. ಒಂದನ್ನು ಬದಲಿಸಿದರೆ ಜಗಳ ಮೊದಲಿನಿಂದ” ಎಂದರಂತೆ.

ಕಡೆಗೆ ಉಳಿದುದು ಎಲ್ಲಕ್ಕಿಂತ ನಾಜೂಕಾದ ಕೆಲಸ. ಗವರ್ನರಿನ ಅಚ್ಚನ್ನು ತಿರುಪಿನಂತೆ ಕೊರೆದಿರುವರು. ಅದರ ಗೀರುಗಳಲ್ಲಿ ಚಕ್ರದ ಹಲ್ಲು ಆಡುವುದು. ಬಹಳ ಒಳಹೊಕ್ಕರೆ ಉಜ್ಜಿ ಗೊರಗುವುದು. ಬಹಳ ಹೊರಗುಳಿದರೆ ಕಟಕಟನೆ ಕುಣಿಯುವುದು. ಅನೇಕ ಯಂತ್ರಗಳಲ್ಲಿ ಈ ಅಚ್ಚು ಕೂರುವ ಬುಷ್ಷಿನ ರಂಧ್ರವನ್ನು ಬೇಕೆಂದೇ ನಡುವಿನಿಂದ ಪಕ್ಕಕ್ಕೆ ಸರಿಸಿ ಕೊರೆದಿರುವರು. ಬುಷ್ಷನ್ನು ಎಳ್ಳಷ್ಟು ತಿರುವಿದರೆ ಅಚ್ಚು ಹಲ್ಲಿಗೆ ಹತ್ತಿರವಾಗುವುದು, ಇಲ್ಲವೆ ದೂರವಾಗುವುದು. ತಿರುವುವುದು, ಕೇಳುವುದು, ಮತ್ತೆ ತಿರುವುವುದು. ಸದ್ದು ತಾನಾಗಿ ಇಳಿಯುವ ಒಂದು ನೆಲೆ ಸಿಕ್ಕುವುದು. ಅಚ್ಚಿನ ತುದಿಗೂ ಕೂದಲೆಳೆಯಷ್ಟು ಸಡಿಲವಿರಬೇಕು. ಒತ್ತಡದಿಂದ ಬರುವ ಮೌನವು ಯಂತ್ರವನ್ನು ತಿನ್ನುವುದು. ತಕ್ಕ ಎಡೆ ಕೊಟ್ಟುದರಿಂದ ಬರುವ ಮೌನವೇ ಬಾಳುವುದು. ಒಂದೇ ಸೂರಿನಡಿ ಬಾಳುವವರೂ ಈ ಮಾತನ್ನು ಬಲ್ಲರು.

ಎಲ್ಲವನ್ನೂ ಜೋಡಿಸಿದ ಬಳಿಕ ಪ್ಲೇಟಿನ ಅಂಚಿಗೆ ಕಾಗದದ ಚೂರೊಂದನ್ನು ಸಿಕ್ಕಿಸಿ ಗಡಿಯಾರ ನೋಡುತ್ತ ನಿಮಿಷಕ್ಕೆ ಎಷ್ಟು ಸುತ್ತೆಂದು ಎಣಿಸಬೇಕು. ಮುಳ್ಳು ನಡೆಯುತ್ತಿರುವಾಗಲೂ ೭೮ ಬಂದಿತೆಂದರೆ ಕೆಲಸವು ಮುಗಿಯಿತು. ಆ ಮೇಲೂ ಹಾಡಿನ ಹಿಂದೆ ಸಣ್ಣಗೆ ಸುಯ್ಯೆನ್ನುವ ಸದ್ದೊಂದು ಇದ್ದೇ ಇರುವುದು. ಅದು ಚಕ್ರದ್ದಲ್ಲ, ಅರಗಿನ ಪ್ಲೇಟಿನ ಮೇಲೆ ಉಕ್ಕಿನ ಮುಳ್ಳು ನಡೆಯುವ ಸದ್ದು. ಅದಕ್ಕೆ ಮದ್ದನ್ನು ಹುಡುಕಬೇಕಾಗಿಲ್ಲ.