ಒಂದೇ ಚಾವಡಿಯಲ್ಲಿ

ಮೂಡುಬಿದಿರೆಯ ಬಸದಿ ತೋರಿಸಬೇಕೆಂದು ಕಳೆದ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಬಂಟ್ವಾಳದಿಂದ ಹೊರಟೆ. ಉಜಿರೆಯಲ್ಲಿ ತಂಗಿಯ ಮನೆ ಇರುವುದರಿಂದ ಬೆಳ್ತಂಗಡಿಯ ಸುತ್ತು ದಾರಿ ಹಿಡಿದೆವು. ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿದ ಕೂಡಲೇ ಅವಳ ಪ್ರಶ್ನೆ ಶುರು.

"ಅಜ್ಜ, ಬೆಂಗಳೂರಿನ ಮಾಮನ ಆಫೀಸಿನಲ್ಲಿ ಹತ್ತು ಕಂಪನಿಯವರು ಒಂದೇ ಹಾಲಿನಲ್ಲಿ ಕೂರುತ್ತಾರಂತೆ. ಕೋ-ವರ್ಕಿಂಗ್ ಅಂತೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಒಟ್ಟಿಗೆ ಕೂತು ಏನು ಲಾಭ?"

ಲಾಭದ ಪ್ರಶ್ನೆ ಬಿ.ಕಾಂ. ಓದಿದವನಿಗೇ ಬಂತು! ನಾನು ಈ ಕಡೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಕಾಲದ ಕತೆ ಹೇಳಿದೆ.

ಆಗ ಇಲ್ಲಿ ಎಷ್ಟೋ ಮನೆಗಳ ಚಾವಡಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ನೆರೆಯ ಹಿಂದೂ, ಮುಸ್ಲಿಂ, ಕ್ರೈಸ್ತ ಹೆಂಗಸರು ಜೊತೆಗೆ ಕೂರುವುದಿತ್ತು. ತುಳು, ಬ್ಯಾರಿ, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತಿತ್ತು. ಮಜೂರಿ ಸಾವಿರ ಬೀಡಿಗೆ ಇಷ್ಟು ಎಂದು. (ಮಕ್ಕಳೇ, ಬೀಡಿಯನ್ನು ನಾನು ಹೊಗಳುತ್ತಿಲ್ಲ, ಆ ಧೂಳು ಕಟ್ಟುವವರ ಎದೆಗೂ ಕೆಟ್ಟದ್ದೇ.)

ಒಂದು ದಿನ ಅಂಥ ಒಬ್ಬ ತಾಯಿ ಬ್ಯಾಂಕಿಗೆ ಬಂದು ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಕ್ಯಾಶ್ ಮುಚ್ಚುವ ಹೊತ್ತು. ನನ್ನ ಲೆಕ್ಕ ತಾಳೆಯಾಗುತ್ತಿರಲಿಲ್ಲ. "ನಾಳೆ ಬನ್ನಿ" ಎಂದು ಕೈಯಾಡಿಸಿದೆ. ಅವರು ಕಣ್ಣೊರೆಸಿಕೊಂಡು ಮೆಟ್ಟಿಲಿಳಿದದ್ದನ್ನು ನೋಡಿದವರು ಪಕ್ಕದ ಮೇಜಿನವರು. ಅವರಿಗೆ ಬ್ಯಾರಿ ಬರುತ್ತಿತ್ತು. ಓಡಿಹೋಗಿ ಕರೆತಂದರು. ಮಗು ಆಸ್ಪತ್ರೆಯಲ್ಲಿತ್ತು, ಬೀಡಿ ಕಟ್ಟಿ ಉಳಿಸಿದ ದುಡ್ಡು ಆ ಸಂಜೆಯೇ ಬೇಕಿತ್ತು. ದುಡ್ಡು ಕೊಟ್ಟೆವು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದ ಊಟದ ಹೊತ್ತಿನಲ್ಲಿ ಅವರಿಂದ ದಿನಕ್ಕೆ ಐದು ಬ್ಯಾರಿ ಮಾತು ಕಲಿತೆ. ಅವರಿಗೆ ಬಡ್ತಿ ಪರೀಕ್ಷೆಗೆ ಲೆಕ್ಕ ಹೇಳಿಕೊಟ್ಟೆ. ಪರೀಕ್ಷೆಯಲ್ಲಿ ಅವರು ಪಾಸಾದರು. ನನ್ನ ಉಚ್ಚಾರಕ್ಕೆ ಅವರ ಮನೆಯ ಮಕ್ಕಳು ಈಗಲೂ ನಗುತ್ತಾರೆ.

ಮೊಮ್ಮಗಳು ಸುಮ್ಮನಾದಳು. ಉಜಿರೆಯಲ್ಲಿ ಊಟ ಮುಗಿಸಿ ಅವಳಿಗೆ ರುಡ್‌ಸೆಟ್ ಸಂಸ್ಥೆಯನ್ನೂ ತೋರಿಸಿದೆ. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಶುರುಮಾಡಿದ್ದು. ಸ್ವಂತ ಉದ್ಯೋಗ ಮಾಡಬಯಸುವವರು ಇಲ್ಲಿ ಉಚಿತವಾಗಿ ಉಳಿದು ಕಲಿಯುತ್ತಾರೆ. ಹೊಲಿಗೆಯವರು, ರಿಪೇರಿಯವರು ಎಲ್ಲರೂ ಒಂದೇ ಕಡೆ ಉಣ್ಣುತ್ತಾರೆ.

ವೇಣೂರಿನ ಮೇಲಾಗಿ ಮೂಡುಬಿದಿರೆ ತಲುಪುವಾಗ ಬಿಸಿಲು ಇಳಿದಿತ್ತು. ಸಾವಿರ ಕಂಬದ ಬಸದಿ 1430ರದ್ದು. ಅಲ್ಲಿ ಒಂದು ಕಂಬದ ಕೆತ್ತನೆಯಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಮೊಮ್ಮಗಳು ಕೇಳಿ ನಂಬುವ ಪೈಕಿ ಅಲ್ಲ. "ಅಜ್ಜ, ಇವೆರಡೂ ಒಂದೇ ಥರ!" ಎಂದು ಕೂಗಿದಳು. ಹತ್ತಿರ ಹೋಗಿ ಸುತ್ತು ಬಂದಳು. "ಅಲ್ಲ" ಎಂದು ಮುಂದಿನ ಜೋಡಿಗೆ ಓಡಿದಳು. ಬಂಟ್ವಾಳದ ಬಸ್ಸು ತಪ್ಪಿತು.